ಬೀರು ನುಸುಳಿತು

ಸಾಮಾನು ಸಾಗಿಸುವ ಕಸುಬಿನಲ್ಲಿ ನನ್ನನ್ನು ಮೀರಿಸುವವನು ಇನ್ನು ಹುಟ್ಟಬೇಕು. ಒಮ್ಮೆ ಪಿಯಾನೊ ಒಂದನ್ನು ಒಂದೇ ಕೈಯಲ್ಲಿ ಐದನೇ ಮಹಡಿಗೆ ಏರಿಸಿದ್ದೇನೆ. ಇನ್ನೊಂದು ಕೈಯಲ್ಲಿ ಟೀ ಲೋಟವಿತ್ತು, ಒಂದು ಹನಿ ತುಳುಕಲಿಲ್ಲ. ನಂಬದಿದ್ದರೆ ನನ್ನ ಹೆಂಡತಿಯನ್ನು ಕೇಳಿ. ಅವಳೂ ನಂಬುವುದಿಲ್ಲ, ಅದು ಬೇರೆ ಮಾತು.

ಇಂಥ ನನಗೆ ಜೊತೆಗಾರ ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಕಡ್ಡಿ ಪೈಲ್ವಾನ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

ಆ ವಾರ ನಿಘಂಟು ಬರೆಯುವವರ ಕಚೇರಿಯನ್ನು ಮೂರನೇ ಮಹಡಿಯಿಂದ ಕೆಳಕ್ಕಿಳಿಸುವ ಕೆಲಸ. ಅಲ್ಲಿನ ಮೇಡಮ್ಮು ‘ನುಸುಳು’ ಎಂಬ ಪದ ಹಿಡಿದು ಮೂರು ದಿನದಿಂದ ಕೂತಿದ್ದರು.

“ಅಡ್ಡ ಇರೋದನ್ನ ಹತ್ತಿ ಹೋದ್ರೆ ದಾಟೋದು, ಸುತ್ತು ಹಾಕಿದ್ರೆ ಬಳಸಿ ಹೋಗೋದು. ಇರೋ ಸಂದಿಯಲ್ಲೇ ಹೇಗೋ ಪಾರಾದ್ರೆ ನುಸುಳೋದು. ಅರ್ಥ ಬರೆದಾಯ್ತು. ಉದಾಹರಣೆಗೆ ಕೆಲಸದೋರ ಬಾಯಿಂದ ಒಂದು ವಾಕ್ಯ ಬೇಕು,” ಎಂದರು.

ನಿಂತ ನಿಲುವಿನಲ್ಲೇ ಹನ್ನೊಂದು ವಾಕ್ಯ ಹೇಳಿದೆ. ಹನ್ನೊಂದರಲ್ಲೂ ನಾನೇ ಇದ್ದೆ. ಮೇಡಮ್ಮು ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಮೇಜನ್ನು ಓರೆ ಮಾಡುತ್ತಿದ್ದ ಷಡ್ಡಕ ತನ್ನಷ್ಟಕ್ಕೆ ತಾನೇ, “ಕಾಲು ಮೊದ್ಲು ನುಸುಳ್ಲಿ, ಮೈ ತಾನಾಗೇ ಬರುತ್ತೆ,” ಎಂದ. ಅವರು ಚೀಟಿಯಲ್ಲಿ ಬರೆದೇಬಿಟ್ಟರು.

ನನ್ನ ಹೊಟ್ಟೆಯಲ್ಲಿ ಎದ್ದ ಉರಿಯಲ್ಲಿ ಇಡೀ ಊರು ಅಡುಗೆ ಮಾಡಿಕೊಳ್ಳಬಹುದಿತ್ತು. ನಿಘಂಟು ಅಂದರೆ ಸುಮ್ಮನೆಯೇ? ನಾವು ಸತ್ತ ಮೇಲೂ ಆ ವಾಕ್ಯ ಇರುತ್ತದೆ. ಅಲ್ಲಿ ಅವನಿದ್ದು ನಾನಿಲ್ಲವೆಂದರೆ ನನ್ನ ನಾದಿನಿ ಏಳೇಳು ಜನ್ಮಕ್ಕೂ ಆಡಿ ತೋರಿಸುತ್ತಾಳೆ.

ಕೊನೆಗೆ ಉಳಿದದ್ದು ಚೀಟಿಗಳ ಬೀರು, ಇಪ್ಪತ್ನಾಲ್ಕು ಡ್ರಾಯರಿನದು. ನಮ್ಮ ಕಸುಬಿನಲ್ಲಿ ಕೆಳತುದಿ ಹಿಡಿದವನು ಹಿಮ್ಮುಖವಾಗಿ ಇಳಿಯುತ್ತಾನೆ. ಭಾರವೆಲ್ಲ ಅವನದು, ಕಣ್ಣು ಮಾತ್ರ ಮೇಲಿನವನದು. ಅವನು ನಿಲ್ಲು ಎಂದರೆ ನಿಲ್ಲಬೇಕು. ಮೇಡಮ್ಮು ನೋಡಲೆಂದೇ ನಾನು ಕೆಳತುದಿ ಹಿಡಿದೆ.

“ಅಣ್ಣ, ಡ್ರಾಯರ್ ತೆಗೆದು ಹೊರೋಣ,” ಎಂದ ಷಡ್ಡಕ.

“ನೀನು ಡ್ರಾಯರ್ ಹೊರು. ನಾನು ಬೀರು ಹೊರ್ತೀನಿ.”

ಮೆಟ್ಟಿಲ ತಿರುವಿನಲ್ಲಿ “ನಿಲ್ಲಿ,” ಎಂದ. ನಿಲ್ಲಲಿಲ್ಲ. ಅವನ ಇನ್ನೊಂದು ಮಾತೂ ಚೀಟಿಗೇರುವುದು ನನಗೆ ಬೇಕಿರಲಿಲ್ಲ. ಬೀರಿನ ಬುಡ ನನ್ನನ್ನು ಗೋಡೆಯ ಮೂಲೆಗೆ ಒತ್ತಿ, ಅಲ್ಲೇ ಕಚ್ಚಿಕೊಂಡಿತು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ನಾನಲ್ಲದೆ ಬೇರೆ ಯಾರಾದರೂ ಆಗಿದ್ದರೆ ಗೋಡೆಗೆ ಸುಣ್ಣವಾಗುತ್ತಿದ್ದರು.

ಷಡ್ಡಕ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ಮೆಟ್ಟಿಲ ಮೇಲಿಟ್ಟ. ಹಗುರಾದ ಬೀರನ್ನು ನೆಟ್ಟಗೆ ನಿಲ್ಲಿಸಿ, ಅರ್ಧ ಸುತ್ತು ತಿರುಗಿಸಿದ. ಅದು ನನ್ನ ಮೂಗು ಸವರಿಕೊಂಡು ಕೆಳಗಿಳಿಯಿತು. ನಾನು ಮಾತ್ರ ಮೂಲೆಯಲ್ಲೇ, ಅಂಗಿ ಗೋಡೆಯ ಮೊಳೆಗೆ ಸಿಕ್ಕಿಕೊಂಡು.

ಮೇಲಿನ ಮೆಟ್ಟಿಲಲ್ಲಿ ಪೆನ್ನಿನ ಮುಚ್ಚಳ ತೆಗೆದ ಸದ್ದು.

“‘ಬೀರು ನುಸುಳಿತು, ಹೊತ್ತವನು ನುಸುಳಲಿಲ್ಲ.’ ಇದನ್ನೂ ಹಾಕ್ಲಾ? ಬೇಜಾರಿಲ್ಲ ತಾನೆ?” ಎಂದರು ಮೇಡಮ್ಮು.

ನಾನು ಉತ್ತರಿಸುವ ಮೊದಲೇ ಷಡ್ಡಕ ಮೊಳೆಯಿಂದ ಅಂಗಿ ಬಿಡಿಸುತ್ತಾ ಹೇಳಿದ: “ಹಾಕಿಸ್ಕೊಳ್ಳಿ ಅಣ್ಣ. ನನ್ನ ವಾಕ್ಯದಲ್ಲಿ ಬರೀ ಮೇಜಿನ ಕಾಲಿದೆ. ನಿಮ್ಮದ್ರಲ್ಲಿ ನೀವೇ ಇದ್ದೀರಿ.”

ಹಾಕಿಸಿಕೊಂಡೆ. ಅವನ ದನಿಯಲ್ಲಿ ಚೂರು ಹೊಟ್ಟೆಕಿಚ್ಚು ಇತ್ತು. ಇರಲಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಇತ್ತು, ನಾನು ಕೇಳಿದ್ದೇನೆ.