ಎಲ್ಲ ನಾಯಕರಿಗೂ ಒಂದೇ ಕಿವಿ

ಮೊರಗಿವಿ ಬೀದಿಗಿಳಿದರೆ ಗಾಳಿಯೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಅವನ ಕಿವಿಗಳು ಅಷ್ಟು ದೊಡ್ಡವು. ಇಡೀ ಭೂಮಂಡಲ ಜಾಲಾಡಿದರೂ ಅಂಥ ಇನ್ನೊಂದು ಜೋಡಿ ಸಿಗುತ್ತಿರಲಿಲ್ಲ. ಅವೇ ಅವನಿಗೆ ಮುಳುವಾದವು.

ಅವನ ಅಕ್ಕನ ಗಂಡ ಸಲೂನಿನವನು. ಸರ್ಕಾರ ಬದಲಾದಾಗಲೆಲ್ಲ ಹೊಸ ನಾಯಕನ ಚಿತ್ರವನ್ನು ಹಲಗೆಯ ಮೇಲೆ ತಾನೇ ಬರೆದು ಕನ್ನಡಿಯ ಮೇಲೆ ತೂಗುಹಾಕುವುದು ಭಾವನ ಚಟ. ಮೂಗು ಮೀಸೆಗಳನ್ನು ಪೇಪರ್ ನೋಡಿ ಹೇಗೋ ಎಳೆಯುತ್ತಿದ್ದ. ಕಿವಿ ಮಾತ್ರ ಸುತರಾಂ ಬರುತ್ತಿರಲಿಲ್ಲ. ಅದಕ್ಕೇ ಮೀಸೆ ಮೂಡದ ಬಾಮೈದನನ್ನು "ಒಂದ್ನಿಮಿಷ ಕೂತ್ಕೊಳ್ಳೋ" ಎಂದು ಕುರ್ಚಿಗೆ ಎಳೆದು, ಕತ್ತಿಗೆ ಬಟ್ಟೆ ಬಿಗಿದು, ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಇಳಿಸುತ್ತಿದ್ದ. ಎಡಪಂಥದ ನಾಯಕನಿಗೂ ಅದೇ ಕಿವಿ, ಅವನನ್ನು ಜೈಲಿಗೆ ತಳ್ಳಿದ ಬಲಪಂಥದ ನಾಯಕನಿಗೂ ಅದೇ ಕಿವಿ!

ಎಷ್ಟೋ ವರ್ಷದ ಮೇಲೆ ಹಳೇ ಸಾಮಾನಿನ ವ್ಯಾಪಾರಿಯಮ್ಮ ಬಂದು, "ಅಯ್ಯೋ, ಇಂಥ ಕಲೀದ ಕೈಗೇ ಈಗ ಜನ ಮುಗಿಬೀಳ್ತಾರೆ!" ಎಂದು ಹಲಗೆಗಳನ್ನೆಲ್ಲ ಹೊತ್ತೊಯ್ದಳು. ಅಸಲಿ ಚಿತ್ರಕ್ಕೆ ಆ ಕಿವಿಯೇ ಗುರುತಾಯಿತು. ಹಳೆಯವು ಮುಗಿದವು. ಭಾವ ಹೊಸ ಹಲಗೆಗಳಿಗೆ ಡಿಕಾಕ್ಷನ್ ಬಳಿದು, ಹೊಗೆ ಹಿಡಿಸಿ, ಹಳೆಯವನ್ನು ಹೊಸದಾಗಿ ತಯಾರಿಸತೊಡಗಿದ. ತಲೆ ನರೆತ ಮೊರಗಿವಿ ಮತ್ತೆ ಕುರ್ಚಿಗೆ ಬಿದ್ದ. ಹೆಂಡತಿ ಹೋದ ಮೇಲೆ ಅವನ ಮಗಳನ್ನು ಸಾಕಿದವಳು ಅಕ್ಕ. ಎದುರಾಡಲು ಬಾಯಿ ಎಲ್ಲಿಂದ ಬರಬೇಕು?

ಕೊನೆಗೂ ಬಂದರಿಗೆ ಹೋಗುವ ಲಾರಿಯಲ್ಲಿ ಎರಡನೇ ಡ್ರೈವರ್ ಕೆಲಸ ಸಿಕ್ಕಿತು. ಅಲೆದಾಟದ ಕೆಲಸ, ಮಗಳು ಅಕ್ಕನ ಬಳಿಯೇ ಇರಬೇಕು. ಹೊರಡುವ ದಿನ ಅವನು ಸಲೂನಿಗೆ ಹೇಳಿಹೋಗಲು ಬಂದರೆ, ವ್ಯಾಪಾರಿಯಮ್ಮ ಹಲಗೆ ಹಿಡಿದು ಕೂಗಾಡುತ್ತಿದ್ದಳು.

"ಏನ್ರೀ ಇದು? ಕಿವಿ ಹಾಲೆ ಜೋತು ಬಿದ್ದಿದೆ, ಒಳಗಡೆ ಕಾಡು ಬೆಳೆದಿದೆ! ಹಳೇ ಚಿತ್ರ ಅಂದ್ರೆ ಯಾರು ನಂಬ್ತಾರೆ?"

"ಇದ್ದಿದ್ದು ಇದ್ದಂಗೆ ಬರ್ದೆ ಕಣಮ್ಮ," ಎಂದು ಭಾವ ತಲೆ ಕೆರೆದುಕೊಂಡ.

ಮೊರಗಿವಿಯ ಎದೆ ಕುಣಿಯಿತು. ಮುದಿ ಕಿವಿ ಯಾರಿಗೂ ಬೇಡ! ಹೊರಗೆ ಲಾರಿ ಹಾರ್ನ್ ಹೊಡೆಯಿತು.

ಅಷ್ಟರಲ್ಲಿ ಮಗಳು ಅಪ್ಪನ ಬುತ್ತಿ ಹಿಡಿದು ಒಳಗೆ ಬಂದಳು. ಕೂದಲನ್ನು ಎತ್ತಿ ಕಟ್ಟಿದ್ದಳು. ಭಾವನೂ ವ್ಯಾಪಾರಿಯಮ್ಮನೂ ಅವಳ ಮುಖ ಬಿಟ್ಟು ಕಿವಿಗಳನ್ನೇ ನೋಡಿದರು. ಭೂಮಂಡಲದಲ್ಲಿ ಇನ್ನೊಂದು ಜೋಡಿ ಇತ್ತು.

"ಪುಟ್ಟಿ, ಒಂದ್ನಿಮಿಷ ಕೂತ್ಕೊಳ್ಳೇ," ಎಂದ ಭಾವ.

"ನಾನು ಮಂತ್ರಿ ಆಗ್ತೀನಾ ಮಾವ?" ಎಂದು ನಗುತ್ತಾ ಅವಳು ಕೂತಳು. ಬಟ್ಟೆಯ ಗಂಟು ಬಿತ್ತು.

ಆ ಒಂದು ನಿಮಿಷ ಎಷ್ಟು ಉದ್ದವೆಂದು ಮೊರಗಿವಿಗೆ ಗೊತ್ತಿತ್ತು; ತನ್ನದೇ ಇನ್ನೂ ಮುಗಿದಿರಲಿಲ್ಲ.

"ಏಳೇ!" ಅವನು ಗಂಟು ಕಿತ್ತ. "ಕೂದಲು ಬಿಚ್ಕೋ, ಕಿವಿ ಮುಚ್ಕೋ, ಹೊಲಿಗೆ ಕ್ಲಾಸಿಗೆ ನಡಿ. ಇನ್ಮೇಲೆ ಈ ಕಡೆ ತಲೆ ಹಾಕ್ಬೇಡ."

"ಅಪ್ಪಾ, ಲಾರಿ..."

"ನಡಿ ಅಂದೆ!"

ಅವಳು ಹೋದ ಮೇಲೆ ತಾನೇ ಕುರ್ಚಿಗೆ ಕುಸಿದ. "ಭಾವ, ಕಿವಿಯೊಳಗಿನ ಕೂದಲು ಕತ್ತರಿಸಿ. ಹಾಲೆಗೆ ಹಿಂದಿನಿಂದ ಗೋಂದು ಹಚ್ಚಿ ಮೇಲಕ್ಕೆ ಅಂಟಿಸಿ. ಎಷ್ಟು ಎಳೇದು ಬೇಕೋ ಅಷ್ಟು ಮಾಡ್ಕೊಳ್ಳಿ. ಅವಳನ್ನ ಮಾತ್ರ ಕೂರಿಸ್ಬೇಡಿ."

"ಅಲ್ಲಾಡ್ಬೇಡ್ವೋ," ಎಂದು ಭಾವ ಗೋಂದಿನ ಡಬ್ಬಿ ತೆಗೆದ.

ಲಾರಿ ಅವನನ್ನು ಬಿಟ್ಟು ಹೊರಟಿತು. ಎಷ್ಟಾದರೂ ಅಂಥ ಕಿವಿಗಳಲ್ಲವೇ, ಅದು ಊರು ದಾಟಿದ್ದು, ಗುಡ್ಡ ಹತ್ತಿದ್ದು, ಬಂದರಿನಲ್ಲಿ ನಿಂತದ್ದು ಎಲ್ಲವೂ ಅವನಿಗೆ ಕೇಳಿಸಿತು. ತಿರುಗಿ ನೋಡುವಂತಿರಲಿಲ್ಲ, ಗೋಂದು ಇನ್ನೂ ಹಸಿಯಾಗಿತ್ತು.