ಓಪಲ್ ಕಾಲು ಚಾಚಿದ್ದು

ಶನಿವಾರ ಮಧ್ಯಾಹ್ನ ಎಲ್ವುಡ್‌ನ ಮೇವಿನಂಗಡಿಯಲ್ಲಿ ಐದಾರು ಮಂದಿ ಮೆಕ್ಕೆಜೋಳದ ಮೂಟೆಗಳ ಮೇಲೆ ಕೂತು ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತ ನುಡಿಸುತ್ತಿದ್ದರು. ಹಾಡಿನ ನಡುವೆ ಒಬ್ಬೊಬ್ಬರೂ ಒಂದೊಂದು ಸುತ್ತು ತಾವೇ ಮುಂದಾಗಿ ನುಡಿಸಬೇಕು. ಬೇಡದವರು ತಲೆಯಾಡಿಸಿ ಪಕ್ಕದವರಿಗೆ ಬಿಡಬಹುದು. ಓಪಲ್ ವರ್ಷದಿಂದ ತಲೆಯಾಡಿಸಿಕೊಂಡೇ ಬಂದಿದ್ದಳು. ಇವತ್ತು ಮಾತ್ರ ಆಗಿದ್ದಾಗಲಿ, ತನ್ನ ಸುತ್ತನ್ನು ನುಡಿಸಿಯೇ ತೀರುವುದೆಂದು ಮ್ಯಾಂಡೊಲಿನ್ ತಬ್ಬಿಕೊಂಡು ಕೂತಿದ್ದಳು.

ಎಲ್ವುಡ್‌ನ ಬ್ಯಾಂಜೊ ಆಯಿತು. ನೆಟ್ಟಿಯ ಪಿಟೀಲೂ ಮುಗಿಯುತ್ತ ಬಂತು. ಮುಂದಿನದು ತನ್ನದು ಎನ್ನುವಾಗ ಹೆದರಿಕೆಗೆ ಓಪಲಳ ಕಾಲು ಸೆಟೆದುಕೊಂಡಿತು. ಅವಳು ಅದನ್ನೆತ್ತಿ ಮುಂದಕ್ಕೆ ಚಾಚಿದಳು. ಅವರಲ್ಲಿ ಕಾಲೆತ್ತಿದರೆ ಹಾಡು ಮುಗಿಸಿ ಎಂದರ್ಥ. ಎಲ್ಲರೂ ಒಟ್ಟಿಗೆ ಕೊನೆಯ ಮೀಟು ಹಾಕಿ ನಿಲ್ಲಿಸಿಬಿಟ್ಟರು.

"ಯಾರ್ರೀ ಅದು ಕಾಲೆತ್ತಿದ್ದು?" ಎಂದ ಎಲ್ವುಡ್.

"ನಾನೇ ಮಾವ. ಕಾಲು ಹಿಡ್ಕೊಂಡ್ಬಿಡ್ತು. ಇವತ್ತು ನುಡಿಸ್ಬೇಕು ಅಂತಿದ್ದೆ..."

ನೆಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಹುಡ್ಗಿ, ವರ್ಷಕ್ಕೊಂದ್ಸಲ ಧೈರ್ಯ ಬಂದ್ರೆ ಅದನ್ನೂ ಒದ್ದು ಓಡ್ಸಿದ್ಯಲ್ಲೇ!"

"ಹಾಡು ನಿಲ್ಸಿದವ್ರೇ ಇನ್ನೊಂದು ಎತ್ಬೇಕು," ಎಂದ ಎಲ್ವುಡ್. "ಶುರು ಮಾಡವ್ವ, ನಾವು ಹಿಂದೆ ಬರ್ತೀವಿ."

ಓಪಲ್ ಕಣ್ಣು ಮುಚ್ಚಿ ಶುರುಮಾಡಿದಳು. ಮೊದಲ ಸಾಲಿನಲ್ಲೇ ಎರಡು ಸ್ವರ ತಪ್ಪಿದವು. ಯಾರೂ ತಡೆಯಲಿಲ್ಲ. ಎರಡನೆಯ ಸಾಲಿಗೆ ಬ್ಯಾಂಜೊ ಬಂದು ಸೇರಿತು, ಆಮೇಲೆ ಪಿಟೀಲು. ಅವಳಿಗೆ ತನ್ನ ಸುತ್ತು ಮುಗಿದದ್ದೇ ತಿಳಿಯಲಿಲ್ಲ. ಎರಡನೆಯದನ್ನೂ ಮುಗಿಸಿ ಮೂರನೆಯದಕ್ಕೆ ಕೈಹಾಕಿದಳು.

"ನಮಗೂ ಸ್ವಲ್ಪ ಬಿಡೇ ತಾಯಿ!" ಎಂದು ಕೂಗಿದಳು ನೆಟ್ಟಿ.