ಮಾವ ಕೇಳದ ಪ್ರಶ್ನೆಗಳು

ನನ್ನ ಸೋದರಮಾವ ಪಾಟೀಸವಾಲಿಗೆ ಎದ್ದರೆ ಎದುರು ಪಕ್ಷದ ಸಾಕ್ಷಿಯ ಗಂಟಲು ಒಣಗುತ್ತಿತ್ತು. ಅಂಥವರ ಕೈಕೆಳಗೆ ನಾನು ಜೂನಿಯರ್. ಪ್ರಶ್ನೆ ಬರೆಯುವುದು ನನ್ನ ಕೆಲಸ, ಕೇಳಬೇಕಾದವಕ್ಕೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುವುದು ಅವರದು.

ಆ ಸಲದ ಕಕ್ಷಿದಾರಳು ಒಬ್ಬ ನರ್ಸು. ಅವಳು ಕೊಟ್ಟ ಇಂಜೆಕ್ಷನ್ನಿನಿಂದ ರೋಗಿ ಸತ್ತಿದ್ದ. ಡಾಕ್ಟರು ಫೋನಿನಲ್ಲಿ ಹೇಳಿದಷ್ಟೇ ಕೊಟ್ಟೆ ಎಂದು ಅವಳು. ಫೋನೇ ಮಾಡಿಲ್ಲ ಎಂದು ಡಾಕ್ಟರು. ಆಸ್ಪತ್ರೆಯ ಮಾಲೀಕರೂ ಅವರೇ. ಆ ಮಧ್ಯಾಹ್ನದ ಕರೆಯ ದಾಖಲೆಯನ್ನು ಫೋನ್ ಕಂಪನಿಯಿಂದ ತರಿಸುವಷ್ಟರಲ್ಲಿ ನನ್ನ ಚಪ್ಪಲಿ ಸವೆದಿತ್ತು. ಅದನ್ನು ಮುಂದಿಟ್ಟು ಕೇಳಿದರೆ ಡಾಕ್ಟರ ಬಂಡವಾಳ ಬಯಲಾಗಿ ಹುಡುಗಿ ಮನೆಗೆ, ಇಲ್ಲವಾದರೆ ಜೈಲಿಗೆ. ನನ್ನ ಹಾಳೆಯಲ್ಲಿ ಮಾವ ಒಂದು ಗುರುತೂ ಹಾಕಿರಲಿಲ್ಲ. ಎಲ್ಲವನ್ನೂ ಕೇಳುತ್ತಾರೆ ಎಂದು ನಾನು ಬೆಪ್ಪನಂತೆ ಹಿಗ್ಗಿದ್ದೆ.

ಡಾಕ್ಟರು ಕಟಕಟೆ ಹತ್ತಿದ ದಿನ ಮಾವ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಪಾಟೀಸವಾಲು ಇಲ್ಲ ಎಂದು ಹೇಳಿ ಕೂತರು. ನಾನು ಕಡತವನ್ನು ಅವರತ್ತ ತಳ್ಳಿದೆ. ಅವರು ಅದನ್ನು ಮುಚ್ಚಿ ಮೇಲೆ ಮೊಣಕೈ ಊರಿದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ದೊಡ್ಡ ಲಾಯರು ಸುಮ್ಮನಿದ್ದರೆಂದರೆ ಅದರಲ್ಲೇನೋ ಉಪಾಯ ಇರುತ್ತದೆ ಎಂದು ವರಾಂಡದಲ್ಲಿ ನರ್ಸು ತನ್ನ ತಾಯಿಗೆ ಸಮಾಧಾನ ಹೇಳುತ್ತಿದ್ದಳು. ಮಾವನನ್ನು ಕಂಡು ಕೈಮುಗಿದಳು. ಅವರು ಅವಳ ತಲೆ ಸವರಿ ಮುಂದೆ ಹೋದರು.

ಮೂರು ವರ್ಷ ಶಿಕ್ಷೆಯಾಯಿತು. ಅಂದು ಕಾರಿನಲ್ಲಿ ಮಾವನನ್ನು ಬಾಯಿಗೆ ಬಂದಂತೆ ಬೈದೆ. ಎಷ್ಟು ತಿಂದಿರಿ ಎಂದೂ ಕೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ.

"ನಾನೇನೂ ತಿಂದಿಲ್ಲ ಕಣೋ. ಆಸ್ಪತ್ರೆಗೆ ಖಾಯಂ ವಕೀಲ ಬೇಕಂತೆ, ನಿನ್ ಹೆಸರು ಹೇಳಿದೀನಿ. ನಿನ್ನನ್ನ ದಡ ಸೇರಿಸ್ತೀನಿ ಅಂತ ನಿಮ್ಮಮ್ಮನಿಗೆ ಮಾತು ಕೊಟ್ಟಿದ್ದೆ."

ಥೂ ಎಂದು ಕಾರಿನಿಂದ ಇಳಿದೆ. ನಾಲ್ಕು ದಿನ ಮುಖ ಊದಿಸಿಕೊಂಡಿದ್ದೆ. ಐದನೆಯ ದಿನ ಹೊಸ ಕೋಟಿಗೆ ಅಳತೆ ಕೊಟ್ಟು ಬಂದೆ.

ತಿಂಗಳಾದ ಮೇಲೆ ನರ್ಸಿನ ತಾಯಿ ಹೇಗೋ ನನ್ನ ಹೊಸ ಆಫೀಸು ಹುಡುಕಿಕೊಂಡು ಬಂದಳು. ತೀರ್ಪಿನ ಪ್ರತಿ ಕೈಯಲ್ಲೇ ಇತ್ತು.

"ನಿಮ್ಮ ಮಾವ ಮೋಸ ಮಾಡಿದ್ರು. ನೀವು ಅಂಥೋರಲ್ಲ ಅಂತ ಮಗಳು ಜೈಲಿಂದ ಹೇಳಿ ಕಳಿಸಿದಾಳಪ್ಪಾ. ಅಪೀಲು ನೀವೇ ಹಾಕ್ಬೇಕು."

ಕೂರಿಸಿ ನೀರು ಕೊಟ್ಟೆ. ಮೆತ್ತಗೆ ತಿಳಿಸಿ ಹೇಳಿದೆ.

"ಆಗಲ್ಲಮ್ಮ. ನಾನೀಗ ಆಸ್ಪತ್ರೆ ವಕೀಲ. ಅವರ ವಿರುದ್ಧ ನಿಂತರೆ ವೃತ್ತಿಧರ್ಮ ತಪ್ಪಿದ ಹಾಗಾಗುತ್ತೆ."

ಧರ್ಮ ಎಂದ ಮೇಲೆ ಅವಳು ತೀರ್ಪಿನ ಪ್ರತಿಯನ್ನು ಮಡಿಚಿಕೊಂಡಳು. ತೊಂದರೆ ಕೊಟ್ಟೆ, ತಪ್ಪಾಯಿತು ಎಂದು ಹೇಳಿ ಎದ್ದು ಹೋದಳು.